ಸ್ಕೂಲ್ ಬಸ್ಸೂ ಒಂದೇ ಯೂನಿಟ್

(ರೈಲ್ವೆ ಲೆವೆಲ್ ಕ್ರಾಸಿಂಗ್‌ಗಳ ಅಪಾಯವನ್ನು ಅಳೆಯುವ ಬಗೆ ಕುರಿತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಹಿಂದೆಮುಂದೆ ಆದದ್ದನ್ನು ಸ್ವಲ್ಪ ಜೋಡಿಸಿದ್ದೇನೆ, ಅಷ್ಟೆ.)

ನಮಸ್ಕಾರ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕೈಗೆ ಗೆರೆ ಹಾಕಿದ ಒಂದು ಉದ್ದನೆಯ ಪುಸ್ತಕ ಕೊಟ್ಟು ಒಂದು ರೈಲ್ವೆ ಗೇಟಿನ ಹತ್ತಿರ ಕೂರಿಸಿದರು. ಕೆಲಸ ಇಷ್ಟೇ: ಬಂದುಹೋಗುವ ಗಾಡಿಗಳನ್ನು ಎಣಿಸೋದು. ಲಾರಿಗೆ ಒಂದು ಕಾಲಂ, ಕಾರಿಗೆ ಒಂದು, ಎತ್ತಿನ ಗಾಡಿಗೆ ಒಂದು, ಆಟೋಗೆ ಒಂದು, ಬೈಕಿಗೆ ಒಂದು. ಗಾಡಿ ದಾಟಿದಾಗ ಒಂದು ಗೀಟು. ನಾಲ್ಕು ಗೀಟಾದ ಮೇಲೆ ಅಡ್ಡಗೀಟು. 7 ದಿನ ಎಣಿಸಬೇಕು, ಆಮೇಲೆ ದಿನದ ಸರಾಸರಿ ತೆಗೆಯಬೇಕು.

ಎರಡನೇ ದಿನ ಬೆಳಿಗ್ಗೆ ಒಬ್ಬ ಅಜ್ಜಿ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡು ಗೇಟು ದಾಟಿ ಬಂದರು. ನನ್ನ ಪುಸ್ತಕ ನೋಡಿ ನಿಂತರು.

"ಏನಪ್ಪಾ ಬರೀತಾ ಇದೀಯ?"

"ಎಷ್ಟು ಗಾಡಿ ಓಡಾಡ್ತವೆ ಅಂತ ಲೆಕ್ಕ ಅಜ್ಜಿ."

"ನನ್ನ ಬರ್ಕೊಂಡ್ಯಾ?"

"ನಡ್ಕೊಂಡು ಹೋಗೋರು ಇದಕ್ಕೆ ಸೇರಲ್ಲ ಅಜ್ಜಿ."

ಅವರು ಮತ್ತೇನೂ ಕೇಳಲಿಲ್ಲ. ಹೊರೆ ಸರಿಮಾಡಿಕೊಂಡು ಹೋದರು. ದಿನಕ್ಕೆ ನಾಲ್ಕು ಸಲ ಆ ಹಳಿ ದಾಟುತ್ತಿದ್ದವರು ಅವರು. ಬೆಳಿಗ್ಗೆ ಹೊಲಕ್ಕೆ, ಮಧ್ಯಾಹ್ನ ಊಟಕ್ಕೆ, ಮತ್ತೆ ಹೊಲಕ್ಕೆ, ಸಂಜೆ ಮನೆಗೆ. ಆ ವಾರದಲ್ಲಿ ಆ ಗೇಟನ್ನು ಅತಿ ಹೆಚ್ಚು ಸಲ ದಾಟಿದ್ದು ಬಹುಶಃ ಅವರೇ. ಆದರೆ ನನ್ನ ಲೆಕ್ಕದಲ್ಲಿ ಅವರು ಇರಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ಮೊದಲು ಆ ಲೆಕ್ಕ ಏನು ಅಂತ ಹೇಳುತ್ತೇನೆ. ನಮ್ಮ ರೈಲ್ವೆಯಲ್ಲಿ ಅದಕ್ಕೆ ಟಿ.ವಿ.ಯು. ಅಂತಾರೆ, ಟ್ರೇನ್ ವೆಹಿಕಲ್ ಯೂನಿಟ್. ದಿನಕ್ಕೆ ಓಡುವ ರೈಲುಗಳ ಸಂಖ್ಯೆಯನ್ನು ದಿನಕ್ಕೆ ದಾಟುವ ರಸ್ತೆ ವಾಹನಗಳ ಯೂನಿಟ್‌ನಿಂದ ಗುಣಿಸಿದರೆ ಟಿ.ವಿ.ಯು. ಬರುತ್ತದೆ. ಕಾರು, ಲಾರಿ, ಬಸ್ಸು, ಎತ್ತಿನ ಗಾಡಿ ಇವೆಲ್ಲ ಒಂದೊಂದು ಯೂನಿಟ್. ಆಟೋ ಅರ್ಧ. ಬೈಕು ಕಾಲು. ಈ ಸೆನ್ಸಸ್ ಮೂರು ವರ್ಷಕ್ಕೊಮ್ಮೆ ಆಗಬೇಕು. 20 ರೈಲು, 150 ಯೂನಿಟ್ ಗಾಡಿ ಇದ್ದರೆ 3,000. 60 ರೈಲು, 900 ಯೂನಿಟ್ ಇದ್ದರೆ 54,000. ಈ ಅಂಕಿಯ ಮೇಲೆ ಗೇಟಿನ ದರ್ಜೆ ನಿಂತಿರುತ್ತದೆ: ಸ್ಪೆಷಲ್, ಎ, ಬಿ, ಸಿ ಅಂತ. ಬರೀ ದನಕರು ದಾಟುವ ಜಾಗಕ್ಕೆ ಡಿ. ಟಿ.ವಿ.ಯು. 1 ಲಕ್ಷ ದಾಟಿದರೆ ಮೇಲ್ಸೇತುವೆಗೆ ರೈಲ್ವೆ ಮತ್ತು ರಾಜ್ಯ ಸರ್ಕಾರ ಖರ್ಚು ಹಂಚಿಕೊಳ್ಳುವ ಮಾತು ಶುರುವಾಗುತ್ತದೆ.

ಈ ಲೆಕ್ಕ ತಪ್ಪು ಅಂತ ನಾನು ಹೇಳೋದಿಲ್ಲ. ಸುಲಭವಾದ ಲೆಕ್ಕ, ಯಾರು ಬೇಕಾದರೂ ಮಾಡಬಹುದು. ಎಲ್ಲಿ ಮೊದಲು ದುಡ್ಡು ಹಾಕಬೇಕು ಅಂತ ತಿಳಿಯಲು ಏನಾದರೊಂದು ಅಂಕಿ ಬೇಕೇ ಬೇಕು, ಅಲ್ವಾ? ಆದರೆ ಇದು ಅಳೆಯೋದು ಗೇಟಿನ ದಟ್ಟಣೆಯನ್ನು. ಗೇಟಿನ ಅಪಾಯವನ್ನು ಅಳೆಯಲು ಇದೊಂದೇ ಸಾಲದು. ಯೋಚನೆ ಮಾಡಿ: 40 ಮಕ್ಕಳು ಕೂತ ಸ್ಕೂಲ್ ಬಸ್ಸು ಒಂದು ಯೂನಿಟ್. ಡ್ರೈವರ್ ಒಬ್ಬನೇ ಇರುವ ಖಾಲಿ ಜೀಪು ಕೂಡ ಒಂದು ಯೂನಿಟ್. ಅಜ್ಜಿ ಸೊನ್ನೆ.

ಈಗ ಎರಡು ಗೇಟು ಕಲ್ಪಿಸಿಕೊಳ್ಳಿ. ಒಂದು ಪೇಟೆಯೊಳಗಿನ ಗೇಟು, ದಿನಕ್ಕೆ 10,000 ಜನ ದಾಟುತ್ತಾರೆ. ಹತ್ತು ವರ್ಷದಲ್ಲಿ ಅಲ್ಲಿ 2 ಸಾವು ಆಗಿದೆ. ಇನ್ನೊಂದು ಹೊಲದ ನಡುವಿನ ಗೇಟು, ದಿನಕ್ಕೆ 100 ಜನ. ಹತ್ತು ವರ್ಷದಲ್ಲಿ 1 ಸಾವು. ಯಾವುದು ಹೆಚ್ಚು ಅಪಾಯದ್ದು? ಒಟ್ಟು ಲೆಕ್ಕ ನೋಡಿದರೆ ಪೇಟೆಯದ್ದು. ಆದರೆ ಹೊಲದ ಗೇಟನ್ನು ದಿನಾ ದಾಟುವ ಒಬ್ಬ ಮನುಷ್ಯನ ಕಡೆಯಿಂದ ನೋಡಿ. ಅವನ ಅಪಾಯ ಪೇಟೆಯವನಿಗಿಂತ 50 ಪಟ್ಟು.

ಬ್ರಿಟನ್ನಿನಲ್ಲಿ ಹಳಿಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ರೈಲ್ ಸಂಸ್ಥೆ ಬಳಸುವ ಪದ್ಧತಿಯಲ್ಲಿ ಪ್ರತಿ ಕ್ರಾಸಿಂಗ್‌ಗೂ ಒಂದು ಅಕ್ಷರ, ಒಂದು ಅಂಕಿ ಕೊಡುತ್ತಾರೆ. ಎ ಇಂದ ಎಂ ವರೆಗಿನ ಅಕ್ಷರ ಒಬ್ಬ ವ್ಯಕ್ತಿಗೆ ಎಷ್ಟು ಅಪಾಯ ಅಂತ ಹೇಳುತ್ತದೆ. 1 ರಿಂದ 13 ರವರೆಗಿನ ಅಂಕಿ ಎಲ್ಲರಿಗೂ ಸೇರಿ ಒಟ್ಟು ಎಷ್ಟು ಅಪಾಯ ಅಂತ ಹೇಳುತ್ತದೆ. ಎರಡನ್ನೂ ಬೇರೆ ಬೇರೆ ಬರೆಯುತ್ತಾರೆ, ಒಂದನ್ನು ಇನ್ನೊಂದರಲ್ಲಿ ಕರಗಿಸುವುದಿಲ್ಲ. ನನಗೆ ಇದು ತುಂಬಾ ಇಷ್ಟವಾದ ವಿಷಯ. ನಮ್ಮಲ್ಲೂ ಒಂದು ಅಂಕಿಯ ಪಕ್ಕದಲ್ಲಿ ಒಂದು ಅಕ್ಷರ ಇದ್ದಿದ್ದರೆ, ಆ ಹುಲ್ಲಿನ ಹೊರೆಯ ಅಜ್ಜಿ ಆ ಅಕ್ಷರದೊಳಗೆ ಇರುತ್ತಿದ್ದರು.

ನಮ್ಮ ದೇಶದ ದೊಡ್ಡ ದುರಂತಗಳನ್ನು ನೆನಪು ಮಾಡಿಕೊಳ್ಳಿ. 2014ರ ಜುಲೈ 24, ಮೇದಕ್ ಜಿಲ್ಲೆಯ ಮಾಸಾಯಿಪೇಟ. ಕಾವಲಿಲ್ಲದ ಕ್ರಾಸಿಂಗ್. ಸ್ಕೂಲ್ ಬಸ್ಸಿಗೆ ಪ್ಯಾಸೆಂಜರ್ ರೈಲು ಬಡಿಯಿತು. 2018ರ ಏಪ್ರಿಲ್ 26, ಉತ್ತರ ಪ್ರದೇಶದ ಕುಶಿನಗರ. ಅದೂ ಕಾವಲಿಲ್ಲದ್ದು. ಶಾಲಾ ವ್ಯಾನಿನಲ್ಲಿದ್ದ 13 ಮಕ್ಕಳು ಹೋದರು. ಡ್ರೈವರ್ ಇಯರ್‌ಫೋನ್ ಹಾಕಿಕೊಂಡಿದ್ದ ಅಂತ ಆಗ ವರದಿಯಾಗಿತ್ತು. 2025ರ ಜುಲೈ 8, ತಮಿಳುನಾಡಿನ ಕಡಲೂರು ಹತ್ತಿರದ ಸೆಮ್ಮಂಕುಪ್ಪಂ. ಇಲ್ಲಿ ಗೇಟ್ ಕೀಪರ್ ಇದ್ದರು, ಆದರೆ ಗೇಟು ಇಂಟರ್‌ಲಾಕ್ ಆಗಿರಲಿಲ್ಲ. 3 ವಿದ್ಯಾರ್ಥಿಗಳು ಸತ್ತರು. ಮೂರೂ ಕಡೆ ಮಕ್ಕಳ ಗಾಡಿ. ಮೂರೂ ಜಾಗದಲ್ಲಿ ಸಿಗ್ನಲ್ಲಿನ ರಕ್ಷಣೆ ಇರಲಿಲ್ಲ. ಗುಣಾಕಾರದಲ್ಲಿ ಸಣ್ಣ ಉತ್ತರ ಬರುವ ಗೇಟಿಗೆ ಸಣ್ಣ ರಕ್ಷಣೆಯೇ ಸಿಗೋದು. ಆದರೆ ಅಲ್ಲಿ ದಾಟುವ ಬಸ್ಸು ಸಣ್ಣದಾಗಿರುವುದಿಲ್ಲ.

ಇಂಟರ್‌ಲಾಕ್ ಅಂದರೇನು ಅಂತ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಊರಿನವರಿಗೆ ಎಲ್ಲಾ ಗೇಟೂ ಒಂದೇ ತರಹ ಕಾಣುತ್ತದೆ: ಕೆಂಪು ಬಿಳಿ ಬಣ್ಣದ ಕಂಬ, ಪಕ್ಕದಲ್ಲಿ ಸಣ್ಣ ರೂಮು, ಒಬ್ಬ ಮನುಷ್ಯ. ಆದರೆ ಒಳಗೆ ಎರಡು ಬಗೆ.

ಇಂಟರ್‌ಲಾಕ್ ಆದ ಗೇಟಿನಲ್ಲಿ ಕಂಬ ಪೂರ್ತಿ ಕೆಳಗೆ ಬಂದು ಬೀಗ ಬೀಳದೆ ಸಿಗ್ನಲ್ ಕೆಂಪು ಬಿಟ್ಟು ಕದಲುವುದಿಲ್ಲ. ಸಿಗ್ನಲ್ ಕೊಟ್ಟ ಮೇಲೆ ರೈಲು ದಾಟುವ ತನಕ ಗೇಟು ತೆರೆಯುವುದಿಲ್ಲ. ಗೇಟ್ ಕೀಪರ್ ಮರೆತರೆ ರೈಲು ಹೊರಗೇ ನಿಲ್ಲುತ್ತದೆ. ತಡ ಆಗುತ್ತದೆ, ಬೈಗುಳ ಬೀಳುತ್ತದೆ, ಆದರೆ ಯಾರೂ ಸಾಯುವುದಿಲ್ಲ.

ಇಂಟರ್‌ಲಾಕ್ ಇಲ್ಲದ ಗೇಟಿನಲ್ಲಿ ಇರುವುದು ಒಂದು ಫೋನು ಮತ್ತು ಒಂದು ಮಾತು. ಸ್ಟೇಷನ್ ಮಾಸ್ಟರ್ ಫೋನು ಮಾಡಿ ರೈಲು ಬರುತ್ತಿದೆ ಗೇಟು ಮುಚ್ಚಿ ಅನ್ನುತ್ತಾರೆ. ಗೇಟ್ ಕೀಪರ್ ಮುಚ್ಚಿ ಬೀಗ ಹಾಕಿ, ತನ್ನ ಹಾಳೆಯಲ್ಲಿರುವ ಪ್ರೈವೇಟ್ ನಂಬರ್ ಒಂದನ್ನು ಹೇಳುತ್ತಾರೆ. ಆ ನಂಬರು ಸ್ಟೇಷನ್ನಿನ ರಿಜಿಸ್ಟರಿನಲ್ಲಿ ಬರೆಯಲ್ಪಡುತ್ತದೆ. ನಂಬರು ಬಂತು ಅಂದರೆ ಗೇಟು ಮುಚ್ಚಿದೆ ಅಂತ ಅರ್ಥ. ಮುಚ್ಚಿದ್ದಾರೋ ಇಲ್ಲವೋ ಸಿಗ್ನಲ್ಲಿಗೆ ಗೊತ್ತಾಗುವುದಿಲ್ಲ, ರೈಲು ಓಡಿಸುವ ಲೋಕೋ ಪೈಲಟ್‌ಗೂ ಗೊತ್ತಾಗುವುದಿಲ್ಲ.

ಇದರಲ್ಲಿ ಕೆಲಸ ಮಾಡುವವರ ಮೇಲೆ ನನಗೆ ಬಹಳ ಗೌರವ ಇದೆ. ರಾತ್ರಿ 3 ಗಂಟೆಗೆ, ಸುತ್ತ ಒಂದು ನಾಯಿಯೂ ಇಲ್ಲದ ಜಾಗದಲ್ಲಿ, ಒಬ್ಬರೇ ಎದ್ದು ಕೂತಿರುತ್ತಾರೆ. ಫೋನು ಬಂತು. ಆಚೆ ಒಂದು ಟ್ರ್ಯಾಕ್ಟರ್ ಹಾರ್ನ್ ಹೊಡೆಯುತ್ತಿದೆ. "ಅಣ್ಣಾ, ಇದೊಂದು ಬಿಟ್ಬಿಡಿ, ಆಮೇಲೆ ಮುಚ್ಚಿ" ಅಂತಾನೆ. ಪ್ರತಿ ರಾತ್ರಿ, ಪ್ರತಿ ರೈಲಿಗೂ ಇದೇ ಕಥೆ. ಗುರುತಿನವರು, ಊರಿನವರು, ನಾಳೆ ಹಾಲು ಕೊಡುವವರು. ಇಲ್ಲ ಅನ್ನುವುದು ಸುಲಭ ಅಲ್ಲ. ಒಂದು ಗೇಟಿನ ಅಪಾಯ ಅಳೆಯುವವರು ಈ ಒತ್ತಡವನ್ನೂ ಬರೆದುಕೊಳ್ಳಬೇಕು ಅಂತ ನಾನು ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಆ ಗೇಟಿನಲ್ಲಿ ದಿನಕ್ಕೆ ಎಷ್ಟು ಸಲ ತೆರೆಯಿರಿ ಅಂತ ಜಗಳ ಆಗುತ್ತದೆ? ಆ ಅಂಕಿ ಯಾವ ಕಾಲಂನಲ್ಲೂ ಇಲ್ಲ.

ಸೆಮ್ಮಂಕುಪ್ಪಂ ಆದ ಮೇಲೆ ರೈಲ್ವೆ ಕೆಲವು ಆದೇಶ ಹೊರಡಿಸಿತು. ಮೊದಲು 20,000ಕ್ಕಿಂತ ಹೆಚ್ಚು ಟಿ.ವಿ.ಯು. ಇದ್ದ ಗೇಟುಗಳಿಗೆ ಇಂಟರ್‌ಲಾಕ್ ಅಂತ ಇತ್ತು, ಅದನ್ನು 10,000ಕ್ಕೆ ಇಳಿಸಿತು. ಗೇಟುಗಳಿಗೆ ಸಿ.ಸಿ. ಕ್ಯಾಮೆರಾ, ಫೋನಿನ ಮಾತಿನ ರೆಕಾರ್ಡಿಂಗ್ ದಿನವೂ ಕೇಳಿ ನೋಡುವುದು, ಇವೂ ಸೇರಿದವು. ಒಳ್ಳೆಯ ಹೆಜ್ಜೆ. ಆದರೆ 10,000ಕ್ಕೆ ಗೆರೆ ಎಳೆದರೆ 9,000ದ ಗೇಟು ಗೆರೆಯ ಆಚೆ ಉಳಿಯುತ್ತದೆ. ದಿನಾ ಸ್ಕೂಲ್ ಬಸ್ಸು ದಾಟುವ ಗೇಟಾದರೆ ಟಿ.ವಿ.ಯು. ಎಷ್ಟೇ ಇರಲಿ, ಇಂಟರ್‌ಲಾಕ್ ಆಗಲೇಬೇಕು. ಇದು ನನ್ನ ಖಚಿತ ಅಭಿಪ್ರಾಯ.

ಕಾವಲಿಲ್ಲದ ಗೇಟುಗಳ ವಿಷಯದಲ್ಲಿ ನಾವು ನಿಜವಾಗಿ ಗೆದ್ದಿದ್ದೇವೆ, ಅದನ್ನೂ ಹೇಳಲೇಬೇಕು. 2012ರಲ್ಲಿ ರೈಲ್ವೆ ಸುರಕ್ಷತೆ ಕುರಿತ ಅನಿಲ್ ಕಾಕೋಡ್ಕರ್ ಸಮಿತಿ ಎಲ್ಲಾ ಲೆವೆಲ್ ಕ್ರಾಸಿಂಗ್‌ಗಳನ್ನೂ ಐದು ವರ್ಷದೊಳಗೆ ತೆಗೆಯಬೇಕು, ಅದಕ್ಕೆ 50,000 ಕೋಟಿ ರೂಪಾಯಿ ಬೇಕು ಅಂತ ಹೇಳಿತು. ಅಷ್ಟು ಆಗಲಿಲ್ಲ. ಆದರೆ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟು ಒಂದೂ ಇಲ್ಲದ ಹಾಗೆ 2019ರ ಜನವರಿ 31ಕ್ಕೆ ಮುಗಿಸಿದರು. ಕೊನೆಯ ವರ್ಷದಲ್ಲೇ ಸುಮಾರು 3,500 ಗೇಟು ಹೋದವು. ಕೆಲವು ಕಡೆ ಗೇಟ್ ಕೀಪರ್ ಹಾಕಿದರು, ಕೆಲವು ಕಡೆ ಕೆಳಗೆ ಸಬ್‌ವೇ ತೆಗೆದರು, ಕೆಲವನ್ನು ಮುಚ್ಚಿ ಪಕ್ಕದ ಗೇಟಿಗೆ ರಸ್ತೆ ಕೂಡಿಸಿದರು. ಎಷ್ಟು ಮನೆಗಳ ದೀಪ ಉಳಿಯಿತೋ, ಲೆಕ್ಕ ಹಾಕಿದವರಿಲ್ಲ.

ಈಗ ಗೇಟಿನ ಹತ್ತಿರ ಹೋಗೋಣ. ಕಾಗದ ಬಿಟ್ಟು ಕಣ್ಣಿನಿಂದ ನೋಡೋಣ.

ಹಳಿಯ ಪಕ್ಕ ಹಳದಿ ಬೋರ್ಡು ನೋಡಿದ್ದೀರಾ? ಅದರ ಮೇಲೆ ಡಬ್ಲ್ಯೂ ಬಾರ್ ಎಲ್ ಅಂತ ಇರುತ್ತದೆ. ಗೇಟಿಗೆ 600 ಮೀಟರ್ ಮೊದಲು ಅದನ್ನು ನೆಡುತ್ತಾರೆ. ಅಲ್ಲಿಂದ ಲೋಕೋ ಪೈಲಟ್ ಸೀಟಿ ಹಾಕುತ್ತಾ ಬರಬೇಕು. ರೈಲು ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿದೆ ಅಂದುಕೊಳ್ಳಿ. ಸೆಕೆಂಡಿಗೆ 30 ಮೀಟರಿಗೂ ಜಾಸ್ತಿ. ಆ ಬೋರ್ಡಿನಿಂದ ಗೇಟಿಗೆ ಬರಲು 20 ಸೆಕೆಂಡು ಸಾಕು.

ಈಗ ಕಬ್ಬಿನ ಟ್ರ್ಯಾಕ್ಟರ್ ತಗೊಳ್ಳಿ. ಟ್ರೇಲರ್ ಸೇರಿ 9 ಮೀಟರ್ ಉದ್ದ ಅಂದುಕೊಳ್ಳೋಣ. ಹಳಿಗೆ 5 ಮೀಟರ್ ಹಿಂದೆ ನಿಂತಿದೆ. ಜೋಡಿ ಹಳಿ ದಾಟಲು ಸುಮಾರು ಆರೂವರೆ ಮೀಟರ್. ಹಿಂದಿನ ಟ್ರೇಲರ್ ಹಳಿಯಿಂದ 3 ಮೀಟರ್ ಆಚೆ ಹೋಗಬೇಕು. ಎಲ್ಲಾ ಕೂಡಿದರೆ ಇಪ್ಪತ್ಮೂರೂವರೆ ಮೀಟರ್. ಭಾರ ತುಂಬಿದ ಟ್ರ್ಯಾಕ್ಟರ್ ಏರಿನಲ್ಲಿ ಹೋಗೋದು ಗಂಟೆಗೆ 5 ಕಿಲೋಮೀಟರ್, ಅಂದರೆ ಮನುಷ್ಯ ನಡೆಯುವಷ್ಟೇ ವೇಗ. 17 ಸೆಕೆಂಡು. ಗೇರು ಹಾಕಿ ಕ್ಲಚ್ ಬಿಡಲು ಇನ್ನೊಂದು 3 ಸೆಕೆಂಡು. ಎಷ್ಟಾಯಿತು? 20.

ನೋಡಿ, ರೈಲಿಗೆ 20, ಟ್ರ್ಯಾಕ್ಟರಿಗೂ 20. ಮಧ್ಯೆ ಎಂಜಿನ್ ಒಮ್ಮೆ ಕೆಮ್ಮಿದರೆ ಮುಗಿಯಿತು. ಆ ವೇಗದ ರೈಲು ಬ್ರೇಕ್ ಹಾಕಿದರೆ ನಿಲ್ಲಲು ಹತ್ತಿರ ಹತ್ತಿರ 1 ಕಿಲೋಮೀಟರ್ ಬೇಕು. ಅದಕ್ಕೇ ಗಾಡಿ ಹಳಿ ಮೇಲೆ ಸಿಕ್ಕಿಕೊಂಡರೆ ಗೇಟ್ ಕೀಪರ್ 600 ಮೀಟರಿನಲ್ಲಿ ಒಂದು, 1,200 ಮೀಟರಿನಲ್ಲಿ ಮೂರು ಡಿಟೋನೇಟರ್ ಹಳಿ ಮೇಲೆ ಇಡಬೇಕು ಅಂತ ನಿಯಮ ಇದೆ. ರೈಲಿನ ಚಕ್ರ ಹತ್ತಿದಾಗ ಅವು ಪಟಾಕಿ ತರಹ ಸಿಡಿದು ಪೈಲಟ್‌ಗೆ ಎಚ್ಚರಿಕೆ ಕೊಡುತ್ತವೆ. ಕೈಯಲ್ಲಿ ಕೆಂಪು ಬಾವುಟ ಹಿಡಿದು, ಜಲ್ಲಿ ಮೇಲೆ, ರೈಲಿನ ಎದುರಿಗೇ 1,200 ಮೀಟರ್ ಓಡುವುದನ್ನು ಒಮ್ಮೆ ಊಹಿಸಿ.

ಇದೇ ಸೆಕೆಂಡಿನ ಲೆಕ್ಕ ತಪ್ಪಿದ್ದಕ್ಕೆ ಒಂದು ಹಳೆಯ, ದೊಡ್ಡ ಉದಾಹರಣೆ ಇದೆ. ಇಂಗ್ಲೆಂಡಿನ ಹಿಕ್ಸನ್, 1968ರ ಜನವರಿ 6. ಅಲ್ಲಿ ಹಿಂದಿನ ವರ್ಷವಷ್ಟೇ ಗೇಟನ್ನು ತಾನಾಗಿಯೇ ಬೀಳುವ ಅರ್ಧ ಕಂಬದ ಗೇಟಾಗಿ ಬದಲಾಯಿಸಿದ್ದರು. ರೈಲು ಬರುವ 24 ಸೆಕೆಂಡು ಮೊದಲು ದೀಪ ಹೊತ್ತಿ ಗಂಟೆ ಬಾರಿಸುತ್ತಿತ್ತು. ಅವತ್ತು 120 ಟನ್ನಿನ ಟ್ರಾನ್ಸ್‌ಫಾರ್ಮರ್ ಹೊತ್ತ, ಸುಮಾರು 45 ಮೀಟರ್ ಉದ್ದದ ಗಾಡಿ ಬಂತು. ಮುಂದೆ ಪೊಲೀಸ್ ಬೆಂಗಾವಲೂ ಇತ್ತು. ಅಷ್ಟು ಉದ್ದದ ಗಾಡಿ ಆ ನಿಧಾನ ವೇಗದಲ್ಲಿ ದಾಟಲು ಒಂದು ನಿಮಿಷ ಬೇಕು. ಇದ್ದದ್ದು 24 ಸೆಕೆಂಡು. ಎಕ್ಸ್‌ಪ್ರೆಸ್ ರೈಲು ಬಡಿಯಿತು, 11 ಜನ ಸತ್ತರು. ಉದ್ದದ, ನಿಧಾನದ ಗಾಡಿಯವರು ಮೊದಲು ಫೋನು ಮಾಡಿ ಕೇಳಬೇಕು ಅಂತ ನಿಯಮ ಇತ್ತು. ಆದರೆ ಅದು ಗೇಟಿಗೆ ಬಂದವರ ಕಣ್ಣಿಗೆ ಬೀಳುವ ಹಾಗೆ ಇರಲಿಲ್ಲ. ಗೇಟು ಕೆಟ್ಟಿರಲಿಲ್ಲ. ಅದು ಹೇಳಿದ ಹಾಗೇ ಕೆಲಸ ಮಾಡಿತು. ಆ ರಸ್ತೆಯಲ್ಲಿ ಎಂಥ ಗಾಡಿ ಬರಬಹುದು ಅಂತ ಯೋಚಿಸದೆ ಗೇಟು ಮಾಡಿದ್ದೇ ತಪ್ಪಾಯಿತು.

ಇನ್ನು ಕಣ್ಣಿನ ಮೋಸ. "ದೂರ ಇದೆ ಬಿಡು, ನಿಧಾನಕ್ಕೆ ಬರ್ತಿದೆ" ಅಂತ ಎಲ್ಲರೂ ಒಂದಲ್ಲ ಒಂದು ಸಲ ಹೇಳಿದ್ದೀವಿ. ಹರ್ಷಲ್ ಲೀಬೋವಿಟ್ಸ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1985ರಲ್ಲಿ ಇದರ ಬಗ್ಗೆ ಬರೆದರು. ದೊಡ್ಡ ವಸ್ತು ಬರುವಾಗ ನಮ್ಮ ಕಣ್ಣಿಗೆ ಅದು ನಿಜಕ್ಕಿಂತ ನಿಧಾನವಾಗಿ ಬರುವ ಹಾಗೆ ಕಾಣುತ್ತದೆ. ವಿಮಾನ ಇಳಿಯುವಾಗ ನೋಡಿ, ಸಣ್ಣ ವಿಮಾನಕ್ಕಿಂತ ದೊಡ್ಡದು ನಿಧಾನವಾಗಿ ತೇಲುತ್ತಿರುವ ಹಾಗೆ ಅನ್ನಿಸುತ್ತದೆ. ರೈಲಿನಲ್ಲೂ ಹಾಗೇ. ಅದೂ ನಾವು ಹಳಿಯ ಪಕ್ಕ ನಿಂತು ನೇರ ಎದುರಿಗೆ ನೋಡುವಾಗ, ಎಂಜಿನ್ನಿನ ಮುಖ ಮಾತ್ರ ಕಾಣುತ್ತದೆ. ಆ ಮುಖ ಬಹಳ ಹೊತ್ತು ಅಷ್ಟೇ ದೊಡ್ಡದಾಗಿ ಇರುತ್ತದೆ, ಕೊನೆಯ ಗಳಿಗೆಯಲ್ಲಿ ಒಮ್ಮೆಲೇ ದೊಡ್ಡದಾಗುತ್ತದೆ. ಗೇಟಿನ ಕೆಳಗೆ ನುಸುಳುವ ಹುಡುಗನನ್ನು ಸುಮ್ನೆ ಬೈದು ಪ್ರಯೋಜನ ಇಲ್ಲ. ಅವನ ಕಣ್ಣೇ ಅವನಿಗೆ ಸುಳ್ಳು ಹೇಳುತ್ತಿದೆ. ಇದನ್ನು ಶಾಲೆಗಳಲ್ಲಿ ಹೇಳಿಕೊಡಬೇಕು.

ಋತು ಕೂಡ ಲೆಕ್ಕಕ್ಕೆ ಬರಬೇಕು. ನಾನು ಆ ಗೇಟಿನಲ್ಲಿ ಎಣಿಸಿದ್ದು ಬೇಸಿಗೆಯಲ್ಲಿ. ಹೊಲ ಬೋಳಾಗಿತ್ತು, ಎರಡೂ ಕಡೆ ಹಳಿ ದೂರದ ತನಕ ಕಾಣುತ್ತಿತ್ತು. ನೋಟ ಚೆನ್ನಾಗಿದೆ ಅಂತ ಬರೆದೆ. ದೀಪಾವಳಿ ಹೊತ್ತಿಗೆ ಅದೇ ಜಾಗಕ್ಕೆ ಬೇರೆ ಕೆಲಸಕ್ಕೆ ಹೋದೆ. ಜೋಳ ಆಳೆತ್ತರ ದಾಟಿತ್ತು. ತಿರುವಿನ ಕಡೆ ಜಾಲಿ ಬೆಳೆದಿತ್ತು. ಗೇಟಿನಲ್ಲಿ ನಿಂತರೆ ರೈಲಿನ ಸದ್ದು ಕೇಳುತ್ತಿತ್ತು, ರೈಲು ಕಾಣುತ್ತಿರಲಿಲ್ಲ. ನಾನು ಬರೆದ "ಚೆನ್ನಾಗಿದೆ" ಇನ್ನೂ ಫೈಲಿನಲ್ಲಿ ಇತ್ತು. ಅವತ್ತು ನನಗೆ ಬಹಳ ಕಸಿವಿಸಿ ಆಯಿತು. ಸರಿಮಾಡಿ ಬರೆದು ಕೊಟ್ಟೆ. ಜಾಲಿ ಕಡಿಸಲು ಮೂರು ತಿಂಗಳು ಹಿಡಿಯಿತು.

ಇನ್ನೊಂದು ಸಣ್ಣ ಸಂಗತಿ. ಗೇಟಿನಲ್ಲಿ ರಸ್ತೆ ಮತ್ತು ಹಳಿ ಸೇರುವಲ್ಲಿ ಹಳಿಯ ಒಳಬದಿಗೆ ಒಂದು ಸಂದು ಇರುತ್ತದೆ. ರೈಲು ಚಕ್ರದ ಅಂಚು ಹೋಗಲು ಅದು ಬೇಕೇ ಬೇಕು. 51ರಿಂದ 57 ಮಿಲಿಮೀಟರ್ ಅಗಲ. ಎರಡೂಕಾಲು ಇಂಚಿನ ಒಳಗೆ. ಲಾರಿ ಚಕ್ರಕ್ಕೆ ಅದು ಗೊತ್ತೇ ಆಗುವುದಿಲ್ಲ. ಆದರೆ ಸೈಕಲ್ ಚಕ್ರ, ಗಾಲಿಕುರ್ಚಿಯ ಮುಂದಿನ ಪುಟ್ಟ ಗಾಲಿ, ಇವು ಅದರೊಳಗೆ ಸರಿಯಾಗಿ ಕೂರುತ್ತವೆ. ರಸ್ತೆ ಹಳಿಯನ್ನು ಓರೆಯಾಗಿ ದಾಟುತ್ತಿದ್ದರೆ ಇನ್ನೂ ಕಷ್ಟ. ಗೇಟು ನೋಡಲು ಹೋದಾಗ ನೀವೇ ಒಂದು ಸೈಕಲ್ ತಳ್ಳಿಕೊಂಡು ದಾಟಿ ನೋಡಿ. ಗೊತ್ತಾಗುತ್ತದೆ.

ಗಾಡಿಗಳು ಸಾಲಾಗಿ ನಿಲ್ಲುವ ಜಾಗವನ್ನೂ ನೋಡಬೇಕು. 1995ರ ಅಕ್ಟೋಬರ್ 25ರಂದು ಅಮೆರಿಕದ ಫಾಕ್ಸ್ ರಿವರ್ ಗ್ರೋವ್‌ನಲ್ಲಿ ಒಂದು ಸ್ಕೂಲ್ ಬಸ್ಸು ಹಳಿ ದಾಟಿ ಮುಂದಿನ ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ನಿಂತಿತು. ಡ್ರೈವರ್ ಪ್ರಕಾರ ಬಸ್ಸು ದಾಟಿಯಾಗಿತ್ತು. ಆದರೆ ಬಸ್ಸಿನ ಹಿಂಭಾಗ ಇನ್ನೂ ಹಳಿಯ ಮೇಲಿತ್ತು. 7 ವಿದ್ಯಾರ್ಥಿಗಳು ಸತ್ತರು. ನಮ್ಮ ಪೇಟೆಗಳಲ್ಲಿ ಗೇಟಿನ ಆಚೆಗೇ ಮುಖ್ಯರಸ್ತೆ, ಅಲ್ಲೇ ಬಸ್ ಸ್ಟಾಪು, ಅಲ್ಲೇ ಹಣ್ಣಿನ ಗಾಡಿ. ಗೇಟು ತೆರೆದ ಕೂಡಲೇ ಎರಡೂ ಕಡೆಯವರು ಎರಡೂ ಲೇನಿನಲ್ಲಿ ನುಗ್ಗುತ್ತಾರೆ. ಮಧ್ಯದಲ್ಲಿ, ಹಳಿ ಮೇಲೆಯೇ, ಎದುರುಬದುರು ಸಿಕ್ಕಿಕೊಳ್ಳುತ್ತಾರೆ. ಈ ಅಪಾಯ ಹುಟ್ಟಿದ್ದು ರಸ್ತೆಯಲ್ಲಿ. ರಸ್ತೆ ಯಾರದೋ, ಹಳಿ ಯಾರದೋ. ಒಟ್ಟಿಗೆ ಬಂದು ನಿಂತು ನೋಡುವವರು ಬಹಳ ಕಡಿಮೆ.

ಇಂಗ್ಲೆಂಡಿನ ಎಲ್ಸನ್‌ಹ್ಯಾಮ್ ಸ್ಟೇಷನ್ನಿನ ಕಥೆ ಹೇಳದೆ ನಾನು ಈ ವಿಷಯದ ಮೇಲೆ ಮಾತಾಡುವುದೇ ಇಲ್ಲ. 2005ರ ಡಿಸೆಂಬರ್ 3. ಇಬ್ಬರು ಹುಡುಗಿಯರು, ಒಬ್ಬಳಿಗೆ 14, ಇನ್ನೊಬ್ಬಳಿಗೆ 13. ಕ್ರಿಸ್‌ಮಸ್ ಸಾಮಾನು ಕೊಳ್ಳಲು ಕೇಂಬ್ರಿಡ್ಜ್‌ಗೆ ಹೊರಟಿದ್ದರು. ಅವರ ಪ್ಲಾಟ್‌ಫಾರ್ಮು ಹಳಿಯ ಆಚೆ. ತಮ್ಮ ರೈಲು ಬರುತ್ತಿರುವುದು ಕಂಡಿತು. ಕೆಂಪು ದೀಪ ಹೊತ್ತಿತ್ತು, ಎಚ್ಚರಿಕೆ ಸದ್ದೂ ಬರುತ್ತಿತ್ತು. ಅದು ತಮ್ಮ ರೈಲಿಗೆ ಅಂತ ತಿಳಿದಿರಬೇಕು. ನಡೆದು ಹೋಗುವವರ ಪುಟ್ಟ ಗೇಟಿಗೆ ಬೀಗ ಇರಲಿಲ್ಲ. ತಳ್ಳಿಕೊಂಡು ಹೋದರು. ಇನ್ನೊಂದು ಹಳಿಯಲ್ಲಿ ನಿಲ್ಲದೆ ಹೋಗುವ ರೈಲು ಬಂತು.

ಅದಾದ ಮೇಲೆ ಮಕ್ಕಳದ್ದೇ ತಪ್ಪು ಅನ್ನುವ ಮಾತು ಎದ್ದಿತು. ಐದಾರು ವರ್ಷ ಹೆತ್ತವರು ಆ ಮಾತಿನ ಜೊತೆ ಬದುಕಿದರು. 2011ರಲ್ಲಿ ಹಳೆಯ ಕಾಗದಗಳು ಹೊರಬಂದವು. ಆ ಜಾಗದ ಅಪಾಯವನ್ನು 2002ರಲ್ಲೇ ಅಳೆದಿದ್ದರು. ಗೇಟಿಗೆ ಬೀಗ ಬೀಳುವ ಹಾಗೆ ಮಾಡುವುದನ್ನು ಯೋಚಿಸಬೇಕು ಅಂತ ಅದರಲ್ಲಿ ಬರೆದಿತ್ತು. 2012ರ ಮಾರ್ಚ್‌ನಲ್ಲಿ ಕೋರ್ಟು ನೆಟ್‌ವರ್ಕ್ ರೈಲ್‌ಗೆ 10 ಲಕ್ಷ ಪೌಂಡ್ ದಂಡ ಹಾಕಿತು. ಈಗ ಅಲ್ಲಿ ಮೇಲ್ಸೇತುವೆ ಇದೆ, ಗೇಟಿಗೆ ಬೀಗ ಇದೆ.

ವಿದ್ಯಾರ್ಥಿಗಳೇ, ನಾಳೆ ನೀವೂ ಇಂಥ ವರದಿ ಬರೆಯುವವರು. ಎಲ್ಸನ್‌ಹ್ಯಾಮ್‌ನಲ್ಲಿ ಬೀಗದ ಮಾತು ಕಾಗದದ ಮೇಲೆ ಮೊದಲೇ ಬಂದಿತ್ತು. ಅಪಾಯ ಅಳೆದವರು ಅದನ್ನು ಬರೆದಿದ್ದರು. ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ ಎಲ್ಲೋ ಕೂತುಬಿಟ್ಟಿತು. ಅದಕ್ಕೇ ನಾನು ಪ್ರತಿ ವರದಿಯ ಕೊನೆಯಲ್ಲಿ ಎರಡು ಸಾಲು ಸೇರಿಸಲು ಹೇಳುತ್ತೇನೆ: ಇದನ್ನು ಯಾರು ಓದಬೇಕು, ಯಾವ ತಾರೀಖಿನೊಳಗೆ ಉತ್ತರ ಕೊಡಬೇಕು.

ಗೇಟು ತೆಗೆದು ಸಬ್‌ವೇ ಮಾಡಿದರೆ ಅಪಾಯ ಹೋಯಿತಾ? ಎಷ್ಟೋ ಕಡೆ ಹೋಗಿದೆ. ಆದರೆ ಮಳೆಗಾಲದಲ್ಲಿ ಒಂದು ಸುತ್ತು ಹೋಗಿ ಬನ್ನಿ. ತಗ್ಗಿನಲ್ಲಿ ತೆಗೆದ ಸಬ್‌ವೇಯಲ್ಲಿ ಎದೆಮಟ್ಟ ನೀರು. ಪಂಪ್ ಇದ್ದರೆ ಕರೆಂಟ್ ಇಲ್ಲ. ಜನ ಏನು ಮಾಡುತ್ತಾರೆ? ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ದಿಬ್ಬ ಹತ್ತಿ ಹಳಿ ಮೇಲೆ ದಾಟುತ್ತಾರೆ. ಮೊದಲು ಅಲ್ಲಿ ಗೇಟಾದರೂ ಇತ್ತು, ಸೀಟಿ ಬೋರ್ಡಾದರೂ ಇತ್ತು. ಈಗ ಏನೂ ಇಲ್ಲ. ಅಲ್ಲಿ ಯಾರಾದರೂ ಸತ್ತರೆ ಅದು ಗೇಟಿನ ಅಪಘಾತ ಅಂತ ಎಲ್ಲೂ ಬರೆಯುವುದಿಲ್ಲ, ಅಕ್ರಮವಾಗಿ ಹಳಿ ದಾಟಿದವರು ಅಂತ ಬರೆಯುತ್ತಾರೆ. ಹೀಗೆ ಹಳಿ ದಾಟುವಾಗ ದೇಶದಲ್ಲಿ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಾರೆ, ಮುಂಬೈ ಉಪನಗರ ಮಾರ್ಗಗಳಲ್ಲೇ ಸುಮಾರು 6,000 ಅಂತ ಕಾಕೋಡ್ಕರ್ ಸಮಿತಿ ಬರೆದಿತ್ತು. ಹಾಗಾಗಿ ಗೇಟು ಮುಚ್ಚಿದ ಮೇಲೂ ಎರಡು ಮಳೆಗಾಲ ಆ ಜಾಗವನ್ನು ನೋಡುತ್ತಿರಬೇಕು. ಜನ ಎಲ್ಲಿ ದಾಟುತ್ತಿದ್ದಾರೆ ಅಂತ ಹುಲ್ಲಿನ ಮೇಲಿನ ಕಾಲುದಾರಿಯೇ ಹೇಳುತ್ತದೆ.

ಕಾನೂನಿನ ಬಗ್ಗೆ ಎರಡೇ ಮಾತು. ಮುಚ್ಚಿದ ಗೇಟನ್ನು ಬಲವಂತವಾಗಿ ತೆರೆದರೆ ಅಥವಾ ಮುರಿದರೆ 1989ರ ರೈಲ್ವೆ ಕಾಯ್ದೆಯ 160ನೇ ಸೆಕ್ಷನ್ ಪ್ರಕಾರ ಜೈಲು. ಕಾವಲಿಲ್ಲದ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಕ್ಲೀನರ್ ಇಳಿದು ಹೋಗಿ ಎರಡೂ ಕಡೆ ನೋಡಿ ಬಂದ ಮೇಲೆ ದಾಟಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 131ನೇ ಸೆಕ್ಷನ್ ಹೇಳುತ್ತದೆ. ಕಾನೂನು ಚೆನ್ನಾಗಿಯೇ ಇದೆ. ಅದನ್ನೇ ನಂಬಿ ಕೂತರೆ ಮಾಸಾಯಿಪೇಟದ ಮಕ್ಕಳು ವಾಪಸ್ ಬರುವುದಿಲ್ಲ.

ಹೊಸ ತಂತ್ರಜ್ಞಾನದಲ್ಲಿ ನನಗೆ ಭರವಸೆ ಇದೆ. ರೈಲುಗಳ ಡಿಕ್ಕಿ ತಪ್ಪಿಸುವ ನಮ್ಮದೇ ಆದ ಕವಚ್ ವ್ಯವಸ್ಥೆಯಲ್ಲಿ ಗೇಟು ಹತ್ತಿರ ಬಂದಾಗ ಎಂಜಿನ್ ತಾನಾಗಿಯೇ ಸೀಟಿ ಹಾಕುವ ಏರ್ಪಾಡು ಇದೆ. ಅದು ಎಲ್ಲಾ ಮಾರ್ಗಕ್ಕೂ ಬರಲು ಸಮಯ ಬೇಕು. ಅಲ್ಲಿಯ ತನಕ ಮನುಷ್ಯರ ಕಣ್ಣೇ ಗತಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಎದ್ದು ಕೇಳಿದರು: "ಸಾರ್, ನಮ್ಮೂರ ಗೇಟಲ್ಲಿ ಸ್ಕೂಲ್ ವ್ಯಾನು ದಿನಾ ನುಗ್ಗಿಸ್ತಾನೆ. ನಾವು ಏನು ಮಾಡ್ಬೇಕು? ನಾವು ಓದ್ದೋರಲ್ಲ."

ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಅಮ್ಮಾ, ಓದು ಬೇಡ. ಸೋಮವಾರದಿಂದ ಶನಿವಾರದ ತನಕ, ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆ, ಗೇಟಿನ ಹೊರಗೆ ಮರದ ಕೆಳಗೆ ಕೂತುಕೊಳ್ಳಿ. ಜೊತೆಗೆ ಇನ್ನಿಬ್ಬರು ಇರಲಿ. ಗೇಟಿನ ಮೇಲೆ ಅದರ ನಂಬರು ಇರುತ್ತದೆ, ಅದನ್ನು ಮೊದಲು ಬರೆದುಕೊಳ್ಳಿ, ಇಲ್ಲಾ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಆಮೇಲೆ ನಾಲ್ಕೇ ಲೆಕ್ಕ. ಎಷ್ಟು ಮಕ್ಕಳು ನಡೆದು ದಾಟಿದರು. ಎಷ್ಟು ಸ್ಕೂಲ್ ಗಾಡಿ ದಾಟಿತು. ಗೇಟು ಬೀಳುವಾಗ ಎಷ್ಟು ಜನ ನುಗ್ಗಿದರು. ತೆರೆಯಿರಿ ಅಂತ ಎಷ್ಟು ಸಲ ಜಗಳ ಆಯಿತು. ಒಂದಕ್ಕೆ ಒಂದು ಗೀಟು. ಕಡ್ಡಿಯಿಂದ ಎಳೆದರೂ ಸರಿ. ಆ ಹಾಳೆಯ ಒಂದು ಪ್ರತಿ ಸ್ಟೇಷನ್ ಮಾಸ್ಟರಿಗೆ, ಒಂದು ಪಂಚಾಯತಿಗೆ, ಒಂದು ಸ್ಕೂಲಿನ ಹೆಡ್‌ಮಾಸ್ಟರಿಗೆ ಕೊಡಿ. ಕೊಟ್ಟದ್ದಕ್ಕೆ ಮೂವರ ಹತ್ತಿರವೂ ಸಹಿ ಹಾಕಿಸಿಕೊಳ್ಳಿ, ತಾರೀಖಿನ ಸಮೇತ.

ಅವರು ಕೂತುಕೊಳ್ಳುವ ಮೊದಲು ಮತ್ತೆ ಕೇಳಿದರು: "ಹುಲ್ಲು ಹೊತ್ಕೊಂಡು ಹೋಗೋರ್ನೂ ಬರ್ಕೊಳ್ಳಾ?"

ಬರ್ಕೊಳ್ಳಿ ಅಮ್ಮಾ. ಮೊದಲು ಅವರನ್ನೇ ಬರ್ಕೊಳ್ಳಿ.